ಬ್ಯಾಟರಿ ಸಾಯುವವರೆಗೆ ಮಾತ್ರ

ಮಗಳಿಗೆ ಮಾತು ಕೊಡುವ ಮುಂಚೆ ಅಪ್ಪಂದಿರು ಸ್ವಲ್ಪ ಯೋಚಿಸಬೇಕು. ನಮ್ಮ ಪ್ರಕಾಶ್ ಯೋಚಿಸಲಿಲ್ಲ.

ಇಪ್ಪತ್ತು ವರ್ಷ ಸಿಗರೇಟು ಸೇದಿದ ನನ್ನ ಗಂಡ ಹೋದ ವರ್ಷ ಅದನ್ನು ಬಿಟ್ಟು ವೇಪ್ ಹಿಡಿದರು. (ಪೆನ್ನಿನಂಥ ಕಡ್ಡಿ. ಒಳಗೆ ಬ್ಯಾಟರಿ, ಹೊರಗೆ ಮಾವಿನಹಣ್ಣಿನ ವಾಸನೆಯ ಹೊಗೆ.) ಒಂಬತ್ತು ವರ್ಷದ ಮಗಳು ಅನಘಾ ಕೇಳಿದಳು, "ಅಪ್ಪಾ, ಫಾರ್ ಹೌ ಲಾಂಗ್?"

"ಈ ಬ್ಯಾಟರಿ ಸಾಯೋವರೆಗೂ ಪುಟ್ಟಾ. ಆಮೇಲೆ ಹೊಸದು ತರಲ್ಲ. ಪ್ರಾಮಿಸ್."

ನನಗೆ ಖುಷಿಯೋ ಖುಷಿ. ಇಂಥವು ಎಷ್ಟು ದಿನ ಬಾಳಿಯಾವು? ಆರು ತಿಂಗಳು?

ಆದರೆ ಎಂಜಿನಿಯರ್ ಗಂಡ ಸುಮ್ಮನಿರುತ್ತಾರೆಯೇ? ನಾವಿರುವ ವೆಲ್ಲಿಂಗ್ಟನ್ ಊರಿನ ಪೇಟೆಯ ವೇಪ್ ಅಂಗಡಿಗೆ ಹೋಗಿ ವಿಚಾರಿಸಿಕೊಂಡು ಬಂದರು. ಅಲ್ಲಿನ ಹೆಂಗಸು ಹೇಳಿದಳಂತೆ: ಇದನ್ನು ಕೆಲವು ನೂರು ಸಲ ಚಾರ್ಜ್ ಮಾಡಬಹುದು, ದಿನಾ ಮಾಡಿದರೆ ಹೆಚ್ಚುಕಮ್ಮಿ ಒಂದು ವರ್ಷ. ಬಿಸಿಲಲ್ಲಿ ನಿಂತ ಕಾರಿನೊಳಗೆ ಇಡಬೇಡಿ. ಚಾರ್ಜ್ ಮಾಡುವುದು ಕಡಿಮೆಯಾದಷ್ಟೂ ಹೆಚ್ಚು ದಿನ ಬರುತ್ತದೆ.

ಅಷ್ಟು ಸಾಕಾಯಿತು. ದಿನಾ ಚಾರ್ಜ್ ಮಾಡುತ್ತಿದ್ದವರು ಎರಡು ದಿನಕ್ಕೊಮ್ಮೆ ಮಾಡತೊಡಗಿದರು. ಅದಕ್ಕಾಗಿ ಸೇದುವುದನ್ನು ಅರ್ಧಕ್ಕಿಳಿಸಿದರು. ಆಮೇಲೆ ವಾರಕ್ಕೊಮ್ಮೆ ಚಾರ್ಜ್. ವರ್ಷ ತುಂಬಿತು. ಬ್ಯಾಟರಿ ಗಟ್ಟಿಮುಟ್ಟಾಗಿತ್ತು!

"ಏನ್ರೀ ಇದು, ಮಗಳಿಗೇ ಮೋಸಾನಾ?" ರೇಗಿದೆ.

"ಮೋಸ ಏನ್ ಬಂತು? ಬ್ಯಾಟರಿ ಇನ್ನೂ ಸತ್ತಿಲ್ವಲ್ಲ!"

ಎರಡು ದಿನ ಮಾತು ಬಿಟ್ಟೆ. ಆಮೇಲೆ ಆ ವಿಷಯ ಎತ್ತುವುದನ್ನೇ ಬಿಟ್ಟೆ.

ಇದಾಗಿ ನಾಲ್ಕು ತಿಂಗಳಾಗಿರಬೇಕು. ನಮ್ಮ ಮನೆ ಗುಡ್ಡದ ಮೇಲಿದೆ, ರಸ್ತೆಯಿಂದ ಬಾಗಿಲಿಗೆ ಎಪ್ಪತ್ತು ಮೆಟ್ಟಿಲು. ಹೋದ ಶನಿವಾರ ಪ್ರಕಾಶ್ ಹತ್ತು ಕೇಜಿ ಅಕ್ಕಿಚೀಲವನ್ನು ಹೆಗಲಿಗೇರಿಸಿ, ಆಫೀಸಿನ ಕಥೆ ಹೇಳುತ್ತಾ, ಒಂದೇ ಉಸಿರಿಗೆ ಹತ್ತಿಬಿಟ್ಟರು. ಮೊದಲಾದರೆ ಬರಿಗೈಯಲ್ಲೇ ಮೂರು ಕಡೆ ಕೂರುತ್ತಿದ್ದರು.

"ಅಪ್ಪಾ! ಯು ಡಿಡಂಟ್ ಸ್ಟಾಪ್!" ಅನಘಾ ಕಿರುಚಿದಳು.

ನನಗೆ ಥಟ್ಟನೆ ಹೊಳೆಯಿತು. "ರೀ, ನಿಮ್ಮ ವೇಪ್ ಎಲ್ಲಿ?"

ಜೇಬು ತಡಕಿದರು. ಇಲ್ಲ. ಬ್ಯಾಗಿನಲ್ಲೂ ಇಲ್ಲ. ಕೊನೆಗೆ ಸಿಕ್ಕಿದ್ದು ಚಳಿಗಾಲದ ಕೋಟಿನಲ್ಲಿ. ಆ ಕೋಟು ಹಾಕಿ ಎರಡು ತಿಂಗಳಾಗಿತ್ತು. ಬಟನ್ ಒತ್ತಿದರು, ದೀಪ ಬರಲಿಲ್ಲ. ಚಾರ್ಜಿಗೆ ಹಾಕಿದರು, ಆಗಲೂ ಇಲ್ಲ.

"ಸೇದೋದೇ ಮರೆತು ಹೋಗಿದೆ ಕಣೇ," ಎಂದು ಅಲ್ಲೇ ನೆಲದ ಮೇಲೆ ಕೂತು ನಗತೊಡಗಿದರು. ಅನಘಾ ಅವರ ಬೆನ್ನಿಗೆ ಜೋತುಬಿದ್ದಳು. ನಾನು? ಅಡುಗೆಮನೆಗೆ ಹೋಗಿ ಕಣ್ಣೊರೆಸಿಕೊಂಡು ಬಂದೆ. (ಈರುಳ್ಳಿ ಹೆಚ್ಚುತ್ತಿರಲಿಲ್ಲ.)

ಬ್ಯಾಟರಿಯನ್ನು ಕಸದ ಡಬ್ಬಿಗೆ ಹಾಕುವಂತಿಲ್ಲ. ಮರುದಿನ ಇಬ್ಬರೂ ಅದೇ ಅಂಗಡಿಗೆ ಕೊಂಡೊಯ್ದೆವು. "ಖಾಲಿಯಾಗಿ ತಿಂಗಳುಗಟ್ಟಲೆ ಬಿದ್ದಿದ್ದರೂ ಸಾಯುತ್ತೆ," ಎಂದಳು ಆಕೆ. "ಹೊಸದು ಕೊಡಲಾ?"

"ಬೇಡ, ಥ್ಯಾಂಕ್ಸ್," ಎಂದು ನನ್ನತ್ತ ತಿರುಗಿದರು. "ಬಸ್ ಬೇಡ, ನಡ್ಕೊಂಡೇ ಹೋಗೋಣ್ವಾ?"

ನಡೆದೆವು. ಅವರು ಶಿಳ್ಳೆ ಹಾಕುತ್ತಾ ಮುಂದೆ, ನಾನು ಏದುಸಿರು ಬಿಡುತ್ತಾ ಹಿಂದೆ.

ಜನ್ಮದಲ್ಲಿ ಒಂದೂ ಸಿಗರೇಟು ಸೇದದ ನಾನು ಈಗ ಏನನ್ನು ಬಿಡಬೇಕು, ನೀವೇ ಹೇಳಿ?