ಹೊಳೆಯಬಾರದಿದ್ದ ಹಿತ್ತಾಳೆ

ಶುಕ್ರವಾರ ದೇವರ ಸಾಮಾನು ಉಜ್ಜಲು ಹುಣಿಸೆಹಣ್ಣು ನೆನೆಹಾಕಿದಾಗಲೆಲ್ಲ ನನಗೆ ಪೆಟ್ರೋಲಿನ ವಾಸನೆ ಬರುತ್ತದೆ. ನಾಲ್ಕನೇ ಮಹಡಿಯ ಈ ಅಡುಗೆಮನೆಗೆ ಪೆಟ್ರೋಲು ಬರಲು ದಾರಿಯಿಲ್ಲ. ಕೆಳಗೆ ನಿಂತ ಗಾಡಿಗಳಲ್ಲೂ ಹಲವು ಈಗ ಕರೆಂಟು ಕುಡಿದು ಬದುಕುತ್ತವೆ. ಆದರೂ ಬರುತ್ತದೆ. ಇದೇ ಕಟ್ಟಡದ ಬುಡದಲ್ಲಿ, ಲಿಫ್ಟಿಗೆಂದು ತೋಡಿದ ಗುಂಡಿ ಇರುವಲ್ಲಿ, ಅಲ್ಲಾಳಸಂದ್ರದ ನಮ್ಮ ಹೆಂಚಿನ ಮನೆಯಿತ್ತು. ಅದರ ಜಗಲಿಯಲ್ಲಿ ಒಂದು ಸ್ಟೀಲ್ ಬಟ್ಟಲು, ಬಟ್ಟಲಲ್ಲಿ ಪೆಟ್ರೋಲು, ಪೆಟ್ರೋಲಿನಲ್ಲಿ ಅಪ್ಪನ ಮೋಟಾರ್ ಸೈಕಲ್ಲಿನ ಕಾರ್ಬುರೇಟರ್. ಈ ಮೂರನ್ನು ಬಿಟ್ಟರೆ ನನ್ನ ಬಾಲ್ಯದಲ್ಲಿ ಹೇಳಿಕೊಳ್ಳುವಂಥ ವೈಭವವೇನೂ ಇರಲಿಲ್ಲ.

ಅಪ್ಪನಿಗೆ ಕೆಂಪಾಪುರದಲ್ಲಿ ಒಂದು ಗ್ಯಾರೇಜಿತ್ತು. ಗ್ಯಾರೇಜು ಅಂದರೆ ಮರದ ಕೆಳಗಿನ ಒಂದು ಶೀಟು. ಊರಿನವರ ಗಾಡಿಗಳನ್ನು ಅಲ್ಲಿ ನೋಡುತ್ತಿದ್ದ. ತನ್ನದನ್ನು ಮಾತ್ರ ಮನೆಯಲ್ಲೇ, ಸ್ನಾನ ಮಾಡಿ ಬಂದು, ಬಿಚ್ಚುತ್ತಿದ್ದ. ಕಾರ್ಬುರೇಟರಿನ ಒಳಗಿನಿಂದ ಹೆಬ್ಬೆರಳಿನಷ್ಟು ದಪ್ಪದ ಒಂದು ಕೊಳವೆಯನ್ನು ತೆಗೆಯುತ್ತಿದ್ದ. ಅದಕ್ಕೆ ಸ್ಲೈಡ್ ಅನ್ನುತ್ತಾರೆ. ಆಕ್ಸಿಲರೇಟರಿನ ಕೈಹಿಡಿ ತಿರುಗಿಸಿದರೆ ಮೇಲೇರಿ ಎಂಜಿನ್ನಿಗೆ ಗಾಳಿ ಬಿಡುತ್ತದೆ, ಬಿಟ್ಟರೆ ಕೆಳಗಿಳಿದು ತಡೆಯುತ್ತದೆ. ಆಯುಷ್ಯವಿಡೀ ಇಷ್ಟೇ ಕೆಲಸ. ಹಿತ್ತಾಳೆಯ ಮೈಗೆ ಬೆಳ್ಳಗೆ, ತೆಳ್ಳಗೆ ಕ್ರೋಮು ಹೊದಿಸಿರುತ್ತಾರೆ. ಆ ಹೊದಿಕೆ ಸವೆದಲ್ಲಿ ಹಳದಿ ಇಣುಕುತ್ತದೆ. ಅಪ್ಪ ಕಣ್ಣು ಮುಚ್ಚಿ ಹೆಬ್ಬೆರಳ ಉಗುರನ್ನು ಅದರ ಮೇಲೆ ಎಳೆಯುತ್ತಿದ್ದ. ಬಿಳಿ ಮುಗಿದು ಹಳದಿ ಶುರುವಾಗುವ ಅಂಚಿನಲ್ಲಿ ಉಗುರು ಚೂರು ತಡೆಯುತ್ತಿತ್ತು. ವೈದ್ಯರು ನಾಡಿ ಬಿಡುವಂತೆ ಅದನ್ನು ಕೆಳಗಿಟ್ಟು, "ಇನ್ನೊಂದೆರಡು ವರ್ಷ ತಳ್ಬೋದು" ಅನ್ನುತ್ತಿದ್ದ. ಆ ಮಾದರಿಯ ಹೊಸ ಸ್ಲೈಡು ಬರುವುದು ನಿಂತು ಎಷ್ಟೋ ಕಾಲವಾಗಿತ್ತು.

ಗಾಡಿಯ ಆಯುಷ್ಯದ ಚಿಂತೆ ಅಪ್ಪನಿಗಿಂತ ಹೆಚ್ಚು ಅಜ್ಜಿಗಿತ್ತು. ಅಪ್ಪನನ್ನು ಹೆತ್ತವಳು, ಎರಡು ಕಣ್ಣೂ ಹೋಗಿದ್ದವು. ಅಮ್ಮ ಕಾರ್ಖಾನೆಯಿಂದ ಬರುವುದು ಕತ್ತಲಾದ ಮೇಲೆ. ಅಲ್ಲಿಯವರೆಗೆ ಬಾಗಿಲ ಚಿಲಕ ಅಜ್ಜಿಯ ಸ್ವಂತ ಇಲಾಖೆ, ನಾನು ಮುಟ್ಟುವಂತಿರಲಿಲ್ಲ. ಸಂಜೆ ಎಷ್ಟೋ ಗಾಡಿಗಳು ಬೀದಿಯಲ್ಲಿ ಹಾದುಹೋಗುತ್ತಿದ್ದವು. ಆದರೆ ಅಪ್ಪನ ಗಾಡಿ ತಿರುವಿನಲ್ಲಿ ನಿಂತು ಒಂದೇ ಸಮ ಗುಡುಗುಟ್ಟಿತೆಂದರೆ, ಅವನು ಅಂಗಳಕ್ಕೆ ಬರುವಷ್ಟರಲ್ಲಿ ಚಿಲಕ ತೆಗೆದಿರುತ್ತಿತ್ತು. "ಬಂದ ನನ್ ಮಗ" ಅನ್ನುವಾಗ ಆ ಮುಖ ನೋಡಬೇಕಿತ್ತು ನೀವು. ನಿಮ್ಮ ಮನೆಯಲ್ಲೂ ಅಂಥದೊಂದು ಮುಖ ಇದ್ದಿರಬೇಕು.

ಆ ಶುಕ್ರವಾರ ಅಪ್ಪ ಕಾರ್ಬುರೇಟರ್ ಬಿಚ್ಚಿಟ್ಟು, ಕೇಬಲ್ ತರಲು ಯಶವಂತಪುರಕ್ಕೆ ಬಸ್ಸಿನಲ್ಲಿ ಹೋಗಿದ್ದ. ನನಗೆ ಒಂಬತ್ತು ವರ್ಷ. ಬಚ್ಚಲ ಕಲ್ಲಿನ ಮೇಲೆ ದೀಪ, ಗಂಟೆ, ತಂಬಿಗೆ ಸಾಲಾಗಿ ಕೂತಿದ್ದವು.

"ಇತ್ತಾಳೆ ಸಾಮಾನು ಒಂದೂ ಬುಡ್ಬ್ಯಾಡ ಕಣವ್ವ. ಪಳಪಳ ಅನ್ಬೇಕು" ಅಂದಳು ಅಜ್ಜಿ.

"ನಿಂಗೆಂಗ್ ಕಾಣ್ಸತ್ತೆ ಪಳಪಳ ಅನ್ನೋದು?"

"ಕೈಗ್ ಕಾಣ್ತದೆ. ಉಜ್ಜು, ಬಾಯ್ ಮುಚ್ಕಂಡು."

ಜಗಲಿಯಲ್ಲಿ ಸ್ಲೈಡು ಅರ್ಧ ಹಳದಿ, ಅರ್ಧ ಬಿಳಿಯಾಗಿ ಕಂಡಿತು. ಹಳದಿ ಹಿತ್ತಾಳೆಯೆಂದು ನನಗೆ ಗೊತ್ತಿತ್ತು. ಬಿಳಿ ಯಾವುದೋ ಕಿಲುಬು ಎಂದುಕೊಂಡೆ. ಹುಣಿಸೆಹಣ್ಣಿಗೆ ಅದು ಬಗ್ಗಲಿಲ್ಲ, ಇಟ್ಟಿಗೆಪುಡಿಗೂ ಇಲ್ಲ. ಕೊನೆಗೆ ಅಪ್ಪನ ಡಬ್ಬಿಯಿಂದಲೇ ತರಿತರಿಯಾದ ಎಮೆರಿ ಪೇಪರ್ ತಂದು ಮಧ್ಯಾಹ್ನದವರೆಗೆ ಉಜ್ಜಿದೆ. ಶ್ರದ್ಧೆಯಿಂದ ನಾನು ಮಾಡಿದ ಮೊದಲ ಕೆಲಸ ಅದು. ಆಮೇಲೆ ಶ್ರದ್ಧೆಯೆಂದರೆ ನನಗೆ ಭಯ.

ಅಪ್ಪ ಬಂದು ಅದನ್ನು ಕೈಗೆತ್ತಿಕೊಂಡ. ಕಣ್ಣು ಮುಚ್ಚಿ ಉಗುರೆಳೆದ. ಇನ್ನೊಮ್ಮೆ ಎಳೆದ. ಉಗುರು ಎಲ್ಲೂ ತಡೆಯಲಿಲ್ಲ. ನನ್ನ ಬೆರಳುಗಳನ್ನು ನೋಡಿದ. ಹುಣಿಸೆಹಣ್ಣಿಗೆ ಅವು ಇನ್ನೂ ನೆರಿಗೆಗಟ್ಟಿದ್ದವು. "ಸವೆದೋಗಿದೆ ಬಿಡವ್ವ" ಅಂದ, ಅಷ್ಟೇ.

ಹೊದಿಕೆ ಹೋದ ಸ್ಲೈಡು ತನ್ನ ಗೂಡಿನೊಳಗೆ ಸಡಿಲವಾಗಿ ಲೊಟಲೊಟ ಆಡಿತು, ಪಕ್ಕದಿಂದ ಗಾಳಿ ನುಸುಳಿತು. ಗೊರಗುಂಟೆಪಾಳ್ಯದಲ್ಲಿ ಯಾರಿಂದಲೋ ಮತ್ತೆ ಕ್ರೋಮು ಹಾಕಿಸಿದ. ಅದು ದಪ್ಪವಾಗಿ, ಮೇಲೇರಿದ ಸ್ಲೈಡು ಕೆಳಗಿಳಿಯದೆ ಗಾಡಿ ಇವನ ಮಾತು ಕೇಳದೆ ಓಡಿತು. ಅದನ್ನೂ ಉಜ್ಜಿ ತೆಗೆಯಬೇಕಾಯಿತು. ಕೊನೆಗೆ ಕೆಮ್ಮುವ ಗಾಡಿಯಲ್ಲೇ ಓಡಾಡಿದ.

ಮೊದಲ ಸಂಜೆ ಗಾಡಿ ಅಂಗಳದಲ್ಲಿ ಕೆಮ್ಮಿ ನಿಂತಿತು. ಅಜ್ಜಿ ಚಿಲಕದ ಮೇಲೆ ಕೈಯಿಟ್ಟುಕೊಂಡು ಕೂಗಿದಳು. "ಯಾರಪ್ಪಾ ಅದು?"

"ನಾನೇ ಕಣವ್ವ."

"ನಮ್ ಉಡುಗುನ್ ಗಾಡಿ ಇಂಗೆ ಕೆಮ್ಮಾಕಿಲ್ಲ."

"ಅದುಕ್ಕೂ ವಯಸ್ಸಾಯ್ತು. ತೆಗಿ ಬಾಗ್ಲು."

ತೆಗೆದಳು. ಆದರೆ ಅಂದಿನಿಂದ ಅಪ್ಪ ಪ್ರತಿ ಸಂಜೆ ತನ್ನ ಮನೆಯ ಬಾಗಿಲಲ್ಲೇ ತಾನು ಯಾರೆಂದು ಹೇಳಿಕೊಳ್ಳಬೇಕಾಯಿತು. ಉಜ್ಜಿದ್ದು ನಾನೇ ಎಂದು ಹೇಳಬೇಕೆಂದು ಒಳಗೆ ಪುಸ್ತಕ ಹಿಡಿದು ಕೂತ ನನಗೆ ಪ್ರತಿ ಸಂಜೆ ಅನ್ನಿಸುತ್ತಿತ್ತು. ನಾಳೆ ಹೇಳಿದರಾಯಿತು ಎಂದುಕೊಳ್ಳುತ್ತಿದ್ದೆ.

ಕಾರ್ತೀಕದಲ್ಲಿ ಅಜ್ಜಿ ಹಾಸಿಗೆ ಹಿಡಿದಳು. ಬೀದಿಯ ಒಂದೊಂದು ಗಾಡಿಗೂ "ಬಂದ್ನಾ?" ಎಂದು ಕೇಳುತ್ತಿದ್ದಳು. ಅಪ್ಪ ನಿಜವಾಗಿ ಬಂದ ಆ ಕೊನೆಯ ಸಂಜೆ ಅಂಗಳದ ಕೆಮ್ಮು ಕೇಳಿ, "ಯಾರೋ ಓಯ್ತಾವ್ರೆ" ಅಂದು ಗೋಡೆಯ ಕಡೆ ತಿರುಗಿದಳು. ಅಪ್ಪ ಚಪ್ಪಲಿ ಬಿಟ್ಟು ಒಳಗೆ ಬರುವಷ್ಟರಲ್ಲಿ ಹೋಗಿದ್ದಳು.

ಮನೆ ಕೆಡವುವ ವಾರ ಗಾಡಿಯನ್ನು ಗುಜರಿಗೆ ಕೊಡುವ ಮುನ್ನ ಅಪ್ಪ ಆ ಸ್ಲೈಡನ್ನು ಮಾತ್ರ ಬಿಚ್ಚಿ ನನ್ನ ಕೈಗಿಟ್ಟ. ಆಗ, ಇಪ್ಪತ್ತು ವರ್ಷ ತಡವಾಗಿ, ನಾನು ಹೇಳಿದೆ. ಅಪ್ಪ ನಕ್ಕ.

"ಗೊತ್ತು ಕಣವ್ವ. ಅವತ್ತೇ ನಿಮ್ಮಜ್ಜಿ ನನ್ನ ಕರ್ದು, 'ನಾನೇ ಉಜ್ದೆ ಕಣ್ಲಾ, ಕಣ್ ಕಾಣ್ನಿಲ್ಲ, ಮಗೀನ ಬಯ್ಬ್ಯಾಡ' ಅಂದಿದ್ಲು. ನಾನೂ ನಂಬ್ದೋನಂಗೆ ಮಾಡ್ದೆ."

ಅಪ್ಪನೂ ಈಗಿಲ್ಲ. ಸ್ಲೈಡು ದೇವರ ಗೂಡಿನಲ್ಲಿ ದೀಪದ ಪಕ್ಕ ಇದೆ. ಬಂದವರು ಇದು ಯಾವ ದೇವರು ಎಂದು ಕೇಳಿದರೆ ಗಂಭೀರವಾಗಿ ಮನೆದೇವರು ಅನ್ನುತ್ತೇನೆ. ಕಪ್ಪಾಗಿದೆ. ಶುಕ್ರವಾರ ಉಳಿದದ್ದನ್ನೆಲ್ಲ ಪಳಪಳ ಉಜ್ಜಿ, ಕೈ ಒರೆಸಿಕೊಂಡು, ಅದನ್ನೊಂದು ಮಾತ್ರ ಸುಮ್ಮನೆ ಎತ್ತಿಕೊಳ್ಳುತ್ತೇನೆ. ಕಣ್ಣು ಮುಚ್ಚಿ ಹೆಬ್ಬೆರಳ ಉಗುರು ಎಳೆಯುತ್ತೇನೆ. ಎಲ್ಲೂ ತಡೆಯುವುದಿಲ್ಲ.