ಅವ್ವನ ಫೋನಿನ ಹೊಲ

ನನ್ನ ಅವ್ವನಿಗೆ ಜೂಜೆಂದರೆ ಆಗುತ್ತಿರಲಿಲ್ಲ. ದೀಪಾವಳಿಯ ದಿನ ಓಣಿಯ ಹೆಂಗಸರು ಹೊತ್ತು ಕಳೆಯಲೆಂದು ಇಸ್ಪೀಟು ಹಿಡಿದು ಕೂತರೂ ಅವಳು ಸೆರಗು ಕೊಡವಿ ಎದ್ದು ಬಂದುಬಿಡುತ್ತಿದ್ದಳು. ಅದಕ್ಕೆ ಕಾರಣ ಅಪ್ಪ.

ಅಪ್ಪ ರಾಯಚೂರಿನ ಗಂಜ್‌ನಲ್ಲಿ ಹಮಾಲಿ ಮಾಡುತ್ತಿದ್ದ. ಹತ್ತಿ, ಭತ್ತ, ಶೇಂಗಾ, ಲಾರಿಗೆ ಏರಿಸುವುದು, ಇಳಿಸುವುದು. ಕುಡಿಯುತ್ತಿರಲಿಲ್ಲ. ನಮ್ಮ ಮೇಲೆ ಎಂದೂ ಕೈ ಎತ್ತಿದವನಲ್ಲ. ಅವನಿಗಿದ್ದುದು ಮಟ್ಕಾ ಒಂದೇ. ದಿನಾ ಸಂಜೆ ಚಹಾದಂಗಡಿಯ ಹಿಂದೆ ಒಂದು ಅಂಕಿ ಬರೆಸಿ ಚೀಟಿ ಜೇಬಿಗಿಟ್ಟುಕೊಂಡು ಬರುತ್ತಿದ್ದ. ಅಂಕಿ ಹತ್ತಿದ ದಿನ ಮನೆಗೆ ಜಿಲೇಬಿ ಬರುತ್ತಿತ್ತು. ಅಂಥ ದಿನಗಳು ನನಗೆ ಎರಡೋ ಮೂರೋ ನೆನಪಿವೆ.

ನಾನು ಮೂರನೇ ಇಯತ್ತೆಯಲ್ಲಿದ್ದಾಗ ಪೊಲೀಸರು ಚಹಾದಂಗಡಿಗೆ ಬಂದು ಅಪ್ಪನನ್ನೂ ಇನ್ನಿಬ್ಬರನ್ನೂ ಹಿಡಿದರು. ಅಂಗಿಯ ಕಾಲರು ಹಿಡಿದು ನಮ್ಮ ಓಣಿಯಲ್ಲೇ ನಡೆಸಿಕೊಂಡು ಹೋದರು. ಅವ್ವ ನಳದ ಹತ್ತಿರ ಕೊಡ ಇಟ್ಟುಕೊಂಡು ನಿಂತಿದ್ದಳು. ಅಪ್ಪ ಅವಳತ್ತ ನೋಡಿದ. ಅವಳು ಮುಖ ಆ ಕಡೆ ತಿರುಗಿಸಿದಳು. ಮರುದಿನ ಬೆಳಿಗ್ಗೆ ನನ್ನನ್ನು ಕರೆದುಕೊಂಡು ದೇವದುರ್ಗದ ಬಸ್ಸು ಹತ್ತಿದಳು. ಅವಳ ತವರು ಜಾಲಹಳ್ಳಿ ಕಡೆಯದು. ಆದರೆ ತವರಿಗೆ ಭಾರವಾಗಲು ಮನಸ್ಸಿಲ್ಲದೆ ದೇವದುರ್ಗದಲ್ಲೇ ಒಂದು ಕೋಣೆ ಹಿಡಿದು, ಮೊದಲು ಅಂಗನವಾಡಿಯಲ್ಲಿ ಅಡುಗೆಗೆ ಸೇರಿ, ಬರಬರುತ್ತಾ ಅಲ್ಲೇ ಟೀಚರಾದಳು. ನಾನೂ ಓದಿ ಮಾನ್ವಿಯ ಹೈಸ್ಕೂಲಿಗೆ ಮೇಡಮ್ ಆದೆ.

ನಾನು ಓದುತ್ತಿದ್ದಾಗ ಅಪ್ಪ ಆಗಾಗ ನನ್ನ ಶಾಲೆಯ ಗೇಟಿನ ಹೊರಗೆ ಬಂದು ನಿಲ್ಲುತ್ತಿದ್ದ. ಕೈಯಲ್ಲಿ ಒಂದು ಚುರುಮುರಿ ಮಂಡಾಳಿನ ಪೊಟ್ಟಣ. 'ಅವ್ವ ಹೆಂಗದಾಳ?' ಎನ್ನುತ್ತಿದ್ದ. 'ಚಲೋ ಅದಾಳ' ಎನ್ನುತ್ತಿದ್ದೆ. ನಮ್ಮಿಬ್ಬರ ಮಾತು ಅಷ್ಟೇ.

ನಾನು ಕೆಲಸಕ್ಕೆ ಸೇರಿದ ಮೊದಲ ವರ್ಷವೇ ಅವನಿಗೆ ಕಾಮಾಲೆ ತಿರುಗಿ ಲಿವರ್ ಕೆಟ್ಟಿತು. ರಾಯಚೂರಿನ ದೊಡ್ಡ ಆಸ್ಪತ್ರೆಯಿಂದ ಅವ್ವನಿಗೆ ಫೋನು ಮಾಡಿದೆ.

'ಯವ್ವಾ, ಭಾಳ ದಿನ ಉಳಿಯಂಗಿಲ್ಲಂತ. ಒಮ್ಮಿ ಬಂದು ಹೋಗು.'

'ಜೂಜುಕೋರನ ಮಾರಿ ನಾ ನೋಡಂಗಿಲ್ಲ. ನೀ ಮಗಳದಿ, ನೀ ನೋಡ್ಕೋ.'

ಮೂರನೇ ದಿನ ಅಪ್ಪ ಹೋದ. ಮಣ್ಣಿಗೂ ಅವಳು ಬರಲಿಲ್ಲ. ಆ ಮೂರು ದಿನ ಏನಾಯಿತೆಂದು ಅವಳು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಇದಾಗಿ ಬಹಳ ವರ್ಷಗಳ ಮೇಲೆ ಅವ್ವ ನಿವೃತ್ತಳಾದಳು. ಇಪ್ಪತ್ತೆಂಟು ಮಕ್ಕಳ ಗದ್ದಲದಲ್ಲಿ ಬದುಕಿದವಳಿಗೆ ಕೋಣೆ ಒಮ್ಮೆಲೇ ಬಿಕೋ ಎಂದಿತು. ಮಾನ್ವಿಗೆ ಬಂದು ನನ್ನ ಜೊತೆ ಇರೆಂದರೆ, 'ನನ್ನ ಮಂದಿ ಇಲ್ಲೇ ಅದಾರ' ಎಂದಳು. ಮಕ್ಕಳ ತೂಕ, ಎತ್ತರ ತುಂಬಿಸಲು ಇಲಾಖೆ ಕೊಟ್ಟಿದ್ದ ಫೋನನ್ನು ಅವಳು ವಾಪಸು ಕೊಟ್ಟಿದ್ದಳು. ಅದಕ್ಕೇ ನಾನೊಂದು ಹೊಸ ಫೋನು ಕೊಡಿಸಿದೆ. ಕಿರಾಣಿಗೆ, ಕರೆಂಟು ಬಿಲ್ಲಿಗೆ ಅನುಕೂಲವಾಗಲೆಂದು ಅವಳ ಬ್ಯಾಂಕ್ ಖಾತೆಯನ್ನು ಅದಕ್ಕೆ ನಾನೇ ಜೋಡಿಸಿಕೊಟ್ಟೆ. ಅವಳ ಜೊತೆ ಕೆಲಸ ಮಾಡಿದ್ದ ಒಬ್ಬಾಕೆ ಅದರಲ್ಲಿ ಒಂದು ಒಕ್ಕಲುತನದ ಆಟ ಹಾಕಿಕೊಟ್ಟಳು.

'ನೋಡಿಲ್ಲಿ, ನನ್ನ ಹೊಲ' ಎಂದು ಅವ್ವ ಮೊದಲ ಸಲ ತೋರಿಸಿದ್ದು ನನಗೆ ಚೆನ್ನಾಗಿ ನೆನಪಿದೆ. ಹಸಿರು ಸಾಲು, ಬಾವಿ, ಬೇಲಿ, ನಾಲ್ಕು ಕೋಳಿ. ಅವಳ ತಾಯಿ, ಅವಳ ಅಜ್ಜಿ ಎಲ್ಲರೂ ಬೇರೆಯವರ ಹೊಲದಲ್ಲಿ ಕಳೆ ತೆಗೆದವರು, ಹತ್ತಿ ಬಿಡಿಸಿದವರು. ಬೊಗಸೆ ಮಣ್ಣೂ ತಮ್ಮದೆಂದು ಕಂಡವರಲ್ಲ. ಅವಳು ಕನ್ನಡಕ ಸರಿಮಾಡಿಕೊಂಡು, 'ಇಲ್ಲಿ ಯಾರೂ ನನ್ನ ಕೂಲಿಗೆ ಕರಿಯಂಗಿಲ್ಲ' ಎಂದು ನಕ್ಕಳು. ನನಗೂ ಸಂತೋಷವಾಯಿತು. ಎಂಥಾ ಮೂರ್ಖಳು ನಾನು.

ಆ ಆಟದಲ್ಲಿ ಪೆಟ್ಟಿಗೆಗಳಿದ್ದವು. ಬಣ್ಣದ, ಮುಚ್ಚಿದ ಪೆಟ್ಟಿಗೆಗಳು. ಒಳಗೇನಿದೆ ಎಂಬುದು ಗೊತ್ತಾಗುವುದಿಲ್ಲ. ಮೊದಮೊದಲು ಪುಕ್ಕಟೆ, ಆಮೇಲೆ ದುಡ್ಡು ಕೊಟ್ಟು ತೆರೆಯಬೇಕು. ಬೆರಳಿಟ್ಟರೆ ಪೆಟ್ಟಿಗೆ ಅಲುಗಾಡುತ್ತದೆ, ಬೆಳಕು ಚಿಮ್ಮುತ್ತದೆ, ಗಂಟೆ ಬಾರಿಸುತ್ತದೆ, ಕೊನೆಗೆ ಆಗಲೇ ಆಟದ ಕಣಜದ ತುಂಬ ಇರುವ ಕುಂಬಳದ ಬೀಜವೋ ಒಂದು ಬಕೀಟೋ ಹೊರಬರುತ್ತದೆ. ಅಪರೂಪಕ್ಕೆ ಮಾತ್ರ ಒಳ್ಳೆಯದೇನಾದರೂ.

ಭಾನುವಾರ ಹೋದಾಗ ಅವಳ ತಲೆ ಬಗ್ಗಿಯೇ ಇರುತ್ತಿತ್ತು. ಹಂಚಿನ ಮೇಲಿನ ರೊಟ್ಟಿ ಸೀಯುತ್ತಿತ್ತು. ಮಾತಾಡಿಸಿದರೆ 'ಹೂಂ' ಎನ್ನುವಳು, ಏನು ಕೇಳಿದೆನೆಂದು ತಿಳಿದಿರುತ್ತಿರಲಿಲ್ಲ. ಕಣ್ಣಿಗೆ ಪೊರೆ ಬಂದಿತ್ತು. ಫೋನನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿಯುತ್ತಿದ್ದಳು. ಡಾಕ್ಟರು ಆಪರೇಷನ್ ಆಗಲೇಬೇಕೆಂದರು. ಅದಕ್ಕೆ ಬೇಕಾದಷ್ಟು ದುಡ್ಡನ್ನು ನಾನು ಮುಂಚೆಯೇ ಅವಳ ಖಾತೆಗೆ ಹಾಕಿಟ್ಟೆ.

ರಾಯಚೂರಿನ ಕಣ್ಣಿನ ಆಸ್ಪತ್ರೆಗೆ ಬೆಳಿಗ್ಗೆ ಹತ್ತಕ್ಕೇ ಹೋದೆವು. ದುಡ್ಡು ಕಟ್ಟಲು ಅವ್ವನ ಫೋನು ಕೊಟ್ಟೆ. ಕೌಂಟರಿನ ಹುಡುಗಿ ಎರಡು ಸಲ ನೋಡಿ, 'ಹೋಗವಲ್ದು ಮೇಡಂ, ಖಾತೆದಾಗ ರೊಕ್ಕ ಇಲ್ಲಂತ ತೋರ್ಸಾಕತ್ತದ' ಎಂದಳು.

 ಯಾರೋ ಮೋಸ ಮಾಡಿದ್ದಾರೆಂದೇ ತಿಳಿದೆ. 'ಯವ್ವಾ, ಫೋನಿನ್ಯಾಗ ಯಾರಿಗರ ನಂಬರ್ ಹೇಳಿದೇನು? ಬ್ಯಾಂಕಿನವರು ಅಂತ ಯಾರರ ಮಾತಾಡಿದ್ರೇನು?'

ಅವ್ವ ನನ್ನ ಮುಂಗೈ ಹಿಡಿದು ಹೊರಗೆ ಬೇವಿನ ಗಿಡದ ಕೆಳಗಿನ ಕಲ್ಲುಬೆಂಚಿಗೆ ಕರೆತಂದಳು. 

'ಯಾರೂ ಕದ್ದಿಲ್ಲ' ಎಂದಳು. 'ನಾನ ಹಾಕೀನಿ. ಆ ಪೆಟಗಿಗೆ.'

'ಎಲ್ಲಾನೂ?'

'ಜೋಡೆತ್ತು ಬರ್ತಾವ ಅಂತಿತ್ತು. ಒಂದು ಎತ್ತು ಬಂತು. ಒಂದ ಎತ್ತು ಕಟಗೊಂಡು ಏನು ಮಾಡ್ಲಿ? ಇನ್ನೊಂದು ಇದರಾಗ ಬರ್ತದ, ಇದರಾಗ ಬರ್ತದ ಅಂತ ತೆಗಿಯಾಕತ್ತೆ. ಬರಲಿಲ್ಲವ್ವಾ.'

ಅವಳು ಅಳಲಿಲ್ಲ. ಬೇವಿನ ಎಲೆಯೊಂದನ್ನು ಹಿಡಿದು ಸಣ್ಣಗೆ ಹರಿಯುತ್ತಾ ಕೂತಿದ್ದಳು. ನನಗೆ ಸಿಟ್ಟು ಬಂದಿತ್ತು. ಆದರೆ ಆ ಬೆರಳುಗಳನ್ನು ನೋಡಿ ಬೈಯಲಾಗಲಿಲ್ಲ. ಸಮಾಧಾನ ಮಾಡಲೆಂದು, 'ಇರ್ಲಿ ಬಿಡವ್ವಾ. ಅದೇನು ಜೂಜಲ್ಲ, ಆಟ' ಎಂದೆ.

ಅವಳು ತಟ್ಟನೆ ತಲೆಯೆತ್ತಿದಳು. 'ನಿಮ್ಮಪ್ಪನ ಮಾತೂ ಇದ ಇತ್ತು.'

ಆಪರೇಷನ್ ಆಗದೆಯೇ ಬಸ್ಸು ಹತ್ತಿ ಇಬ್ಬರೂ ಮಾನ್ವಿಗೆ ಬಂದೆವು. ದೇವದುರ್ಗಕ್ಕೆ ಹೋಗುವೆನೆಂದು ಅವಳು ಹಟ ಮಾಡಲಿಲ್ಲ. ಅದೇ ನನಗೆ ಹೆಚ್ಚು ನೋವು ಕೊಟ್ಟಿತು.

ಆಟದ ಕಂಪನಿಗೆ ಪತ್ರ ಬರೆದೆ. ನಿಮ್ಮ ಇಚ್ಛೆಯಿಂದಲೇ ಕೊಂಡಿದ್ದೀರಿ, ಕೊಂಡದ್ದು ನಿಮಗೆ ತಲುಪಿದೆ ಎಂದು ಉತ್ತರ ಬಂತು. ನಮ್ಮ ಶಾಲೆಯ ವಿದ್ಯಾರ್ಥಿನಿಯೊಬ್ಬಳ ತಂದೆ ಮಾನ್ವಿ ಕೋರ್ಟಿನಲ್ಲಿ ವಕೀಲರು. ಅವ್ವನನ್ನೂ ಕರೆದುಕೊಂಡು ಅವರ ಮನೆಗೆ ಹೋದೆ. ಅವರು ಎಲ್ಲವನ್ನೂ ಕೇಳಿಸಿಕೊಂಡರು.

'ನೋಡ್ರಿ ಮೇಡಂ, ರೊಕ್ಕ ಹಚ್ಚಿ ರೊಕ್ಕ ಗೆಲ್ಲಾದಿದ್ರ ಅದಕ್ಕ ಜೂಜು ಅನ್ನಾಕ ಬರ್ತದ. ಅಂಥಾ ಆಟಕ್ಕ ಕಾನೂನು ಬಂದದ. ಇದರಾಗ ರೊಕ್ಕ ಒಳಗ ಹೋಗ್ತದ, ಹೊರಗ ಬರಂಗಿಲ್ಲ. ಕೆಲವು ದೇಶದಾಗ ಇದನ್ನೂ ಜೂಜು ಅಂತಾರ, ಕೆಲವು ಕಡೆ ಇಲ್ಲ. ನಮ್ಮಲ್ಲಿ ಇನ್ನೂ ವಾದ ನಡದದ. ಗೆದ್ರೂ ರೊಕ್ಕ ಸಿಗಂಗಿಲ್ಲ ಅಂದಮ್ಯಾಲ ಜೂಜು ಹೆಂಗಾಗ್ತದ ಅಂತ ಅವರು ಕೇಳ್ತಾರ.'

ಗೋಡೆಗೆ ಒರಗಿ ಕೂತಿದ್ದ ಅವ್ವ, 'ಸಾಹೇಬ್ರ, ಹಂಗಂದ್ರ ಇದು ಜೂಜಿಗಿಂತ ಕಡಿಮಿ ಆತೇನ್ರೀ?' ಎಂದಳು. 'ನಮ್ಮ ಮನಿಯವ್ರಿಗೆ ಒಮ್ಮೊಮ್ಮೆರ ರೊಕ್ಕ ಬರ್ತಿತ್ತರಿ.'

ವಕೀಲರು ಒಳಗೆ ಕೂಗಿ ಚಹಾ ತರಿಸಿದರು.

ಮನೆಗೆ ನಡೆದು ಬರುವಾಗ ಅವ್ವ ದಾರಿಯಲ್ಲೇ ನಿಂತಳು. ಮುಖ್ಯವಾದ ಮಾತನ್ನು ಅವಳು ನಿಂತೇ ಆಡುವವಳು.

'ನಿನಗೊಂದು ಹೇಳ್ತೀನಿ. ಆ ಪೆಟಗಿ ಮ್ಯಾಲ ಜೂಜು ಅಂತ ಒಂದು ಅಕ್ಷರ ಬರದಿದ್ರ ನಾ ಜಲ್ಮದಾಗ ಮುಟ್ತಿದ್ದಿಲ್ಲ. ಅದರ ಮ್ಯಾಲ ಕೋಳಿ ಚಿತ್ರ, ಹೂವಿನ ಚಿತ್ರ ತಗದಿದ್ರು. ನನಗ ಹೆಂಗ ತಿಳೀಬೇಕು?' ಸ್ವಲ್ಪ ಉಸಿರು ತೆಗೆದುಕೊಂಡು ಮತ್ತೆ ಹೇಳಿದಳು. 'ನಿಮ್ಮಪ್ಪನ್ನ ಪೊಲೀಸ್ರು ಎಳಕೊಂಡು ಹೋದ್ರು. ಮಂದಿ ಉಗುಳಿದ್ರು. ನಾನೂ ಉಗುಳಿದೆ. ನನಗ ಯಾರೂ ಏನೂ ಅನ್ನಲಿಲ್ಲ. ನೀನೂ ಆಟ ಅಂದಿ.'

ನಾನು ಸಾಮಾಜಿಕ ವಿಜ್ಞಾನ ಕಲಿಸುವವಳು. ಕಾನೂನು ಏಕೆ ಬೇಕು ಎಂಬ ಪಾಠವನ್ನು ಎಷ್ಟೋ ವರ್ಷ ಮಾಡಿದ್ದೇನೆ. ಆ ಸಂಜೆ ಅವ್ವ ಹೇಳಿದಷ್ಟು ಸ್ಪಷ್ಟವಾಗಿ ಅದನ್ನು ನಾನೆಂದೂ ಹೇಳಿರಲಿಲ್ಲ. ಆ ಪೆಟ್ಟಿಗೆಗಳನ್ನು ಜೂಜೆಂದೇ ಕರೆಯಬೇಕು ಎಂದು ಅಂದಿನಿಂದ ನಾನು ನಂಬಿದ್ದೇನೆ. ಆಡಿದವರನ್ನು ಹಿಡಿದುಕೊಂಡು ಹೋಗಲಿಕ್ಕಲ್ಲ, ಮುಟ್ಟುವ ಮೊದಲು ತಿಳಿಯಲಿಕ್ಕೆ.

ಅವ್ವ ಆಟವನ್ನು ತಾನೇ ಅಳಿಸಿದಳು. ಹೇಗೆಂದು ನನ್ನನ್ನು ಕೇಳಿ, ಅವಳೇ ಬೆರಳಿಟ್ಟಳು. ಆಮೇಲೂ ಕೆಲವು ವಾರ ಕೂತಲ್ಲೇ ಅವಳ ಹೆಬ್ಬೆರಳು ತೊಡೆಯ ಮೇಲೆ ಮೇಲಕ್ಕೂ ಕೆಳಕ್ಕೂ ಆಡುತ್ತಿತ್ತು. ನಾನು ಕಂಡರೆ ಕೈಯನ್ನು ಸೆರಗಿನೊಳಗೆ ಎಳೆದುಕೊಳ್ಳುತ್ತಿದ್ದಳು. ನಾನು ಮತ್ತೆ ದುಡ್ಡು ಕೂಡಿಸಿ, ಕಣ್ಣಿನ ಆಪರೇಷನ್ ಎರಡು ತಿಂಗಳು ತಡವಾಗಿ ಮಾಡಿಸಿದೆ. ತಡವಾದದ್ದಕ್ಕೆ ಡಾಕ್ಟರು ಬೈದರು, ಆದರೆ ದೃಷ್ಟಿ ಉಳಿಯಿತು.

ಕಣ್ಣಿಗೆ ಪಟ್ಟಿ ಕಟ್ಟಿದ ಎರಡನೇ ದಿನ ಮಧ್ಯಾಹ್ನ, ನಾನು ಅವಳ ಪಕ್ಕ ಕೂತು ಕಾಯಿಪಲ್ಯ ಹೆಚ್ಚುತ್ತಿದ್ದೆ.

'ಆವಾಗ ದವಾಖಾನಿದಾಗ ಅಂವ ಏನರ ಅಂದಿದ್ನೇನು?' ಎಂದಳು.

ಯಾರೆಂದು ಕೇಳುವ ಅಗತ್ಯವಿರಲಿಲ್ಲ. ಇಳಿಗೆಮಣೆ ಬದಿಗಿಟ್ಟೆ. ಹೇಳಬೇಕೋ ಬೇಡವೋ ಎಂದು ಒಂದು ಗಳಿಗೆ ಯೋಚಿಸಿ, ಹೇಳಿದೆ.

'ಮೂರೂ ದಿನ ಒಂದ ಕೇಳಿದ. ನಿಮ್ಮವ್ವ ಬಂದಾಳೇನು ಅಂತ.'

'ನೀ ಏನಂದಿ?'

'ಬರಾಕತ್ತಾಳ, ಬಸ್ಸಿನ್ಯಾಗ ಅದಾಳ ಅಂದೆ. ಮೂರೂ ದಿನ ಹಂಗ ಅಂದೆ.'

'ನಂಬಿದ್ನಾ?'

'ನಂಬಿದ್ನವ್ವಾ. ಕಡೀ ದಿನ, ಅಕಿ ಬರೂದ್ರಾಗ ತಲಿ ಹಿಕ್ಕು ಅಂದ. ಬಾಚಣಿಕಿ ತಗೊಂಡು ಹಿಕ್ಕಿದೆ.'

ಅವಳ ಕಣ್ಣಿನ ಪಟ್ಟಿಯ ಕೆಳಗಿನಿಂದ ನೀರು ಇಳಿಯತೊಡಗಿತು. ಕಣ್ಣಿಗೆ ನೀರು ಬರಬಾರದೆಂದು ಡಾಕ್ಟರು ಹೇಳಿದ್ದರು. ಅಳಬೇಡವೆನ್ನಲು ನನಗೆ ಬಾಯಿ ಬರಲಿಲ್ಲ. ಹತ್ತಿ ತಂದು ಕೆನ್ನೆಯನ್ನಷ್ಟೇ ಒರೆಸುತ್ತಾ ಕೂತೆ.