ನಾಣಿ ಅಳಿಸಿದ ಸದ್ದು

ನಾಣಿ ತೀರಿಕೊಂಡು ಎರಡು ವರ್ಷವಾಯಿತು. ಅವನ ಬಗ್ಗೆ ಬರೆಯಲು ನನಗೆ ಯೋಗ್ಯತೆಯಿಲ್ಲ. ಆದರೂ ಬರೆಯುತ್ತಿದ್ದೇನೆ, ಏಕೆಂದರೆ ಒಂದು ವಿಷಯ ನನ್ನನ್ನು ಬಿಟ್ಟು ಇನ್ಯಾರಿಗೂ ಗೊತ್ತಿಲ್ಲ.

ಕೃಷ್ಣರಾಜಪುರದ ಟೆಲಿಫೋನ್ ಕಾರ್ಖಾನೆಯ ತಪಾಸಣೆ ವಿಭಾಗದಲ್ಲಿ ಮೂವತ್ತೊಂದು ವರ್ಷ ನಾವಿಬ್ಬರೂ ಒಂದೇ ಮೇಜಿನಲ್ಲಿ ಕೂತವರು. ತಯಾರಾಗಿ ಬಂದ ರಿಸೀವರನ್ನು ಕಿವಿಗಿಟ್ಟುಕೊಂಡು, ಮಾತಿನ ಹಿಂದೆ ಬೇಡದ ಸದ್ದು ಇದೆಯೇ ಎಂದು ಪರೀಕ್ಷಿಸುವುದು ಕೆಲಸ. ನನಗೆ ಏನೂ ಕೇಳಿಸದ ಕಡೆ ನಾಣಿ ಮುಖ ಸಿಂಡರಿಸಿ ಕೆಂಪು ಚೀಟಿ ಅಂಟಿಸುತ್ತಿದ್ದ. ನಾನು ವಾದ ಮಾಡಿ ಒಮ್ಮೆಯೂ ಗೆದ್ದವನಲ್ಲ. ಅಂಥ ಕಿವಿ, ಅಂಥದೇ ಮೊಂಡುತನ.

ನಿವೃತ್ತಿಯಾದ ಮೇಲೆ ಇಂದಿರಾನಗರದ ಮನೆಯಲ್ಲಿ ಕೈಕಟ್ಟಿ ಕೂರಲು ಅವನಿಂದ ಆಗಲಿಲ್ಲ. ಎಸ್.ಪಿ. ರೋಡಿನಿಂದ ಬಿಡಿಭಾಗ ತಂದು ಕಂಪ್ಯೂಟರ್ ಜೋಡಿಸಿದ. ಹಳೆಯ ರೆಕಾರ್ಡ್ ಪ್ಲೇಯರಿನಿಂದ ಅದಕ್ಕೆ ವೈರು ಎಳೆದು, ಗೊತ್ತಿದ್ದವರ ರೆಕಾರ್ಡುಗಳನ್ನೆಲ್ಲ ಸಿಡಿಗೆ ಇಳಿಸಿಕೊಡತೊಡಗಿದ. ಮೊದಲು ರೆಕಾರ್ಡಿಗೆ ಅಂಟವಾಳದ ನೀರಿನಲ್ಲಿ ಸ್ನಾನ, ಹೆಂಡತಿ ಅಂಬುಜಾ ರೇಷ್ಮೆ ಸೀರೆ ಒಗೆಯುವ ಹಾಗೆ. ಆಮೇಲೆ ಫ್ಯಾನ್ ಬಂದ್, ಕುಕ್ಕರ್ ಬಂದ್. ಹಾಡು ಬರುವುದು ವೈರಿನಲ್ಲಿ, ನಿನ್ನ ಅಡುಗೆಮನೆಯ ಸದ್ದು ಅದಕ್ಕೆ ಹೇಗೆ ಸೇರುತ್ತದೆ ಎಂದು ಕೇಳಿದ್ದಕ್ಕೆ ನನ್ನನ್ನೇ ಗದರಿದ. ಹಾಡು ಕಂಪ್ಯೂಟರಿನೊಳಗೆ ಹೋದ ಮೇಲೆ ಕರ್, ಪಟ್ ಎಂಬ ಸದ್ದುಗಳನ್ನೆಲ್ಲ ಪರದೆಯ ಮೇಲೆ ಹುಡುಕಿ ಅಳಿಸುತ್ತಿದ್ದ. ಸಿಡಿ ಸಿದ್ಧವಾದರೆ ಕಂಪ್ಯೂಟರಿನೊಳಗಿದ್ದ ಮೂಲ ಹಾಡನ್ನೂ ಅಳಿಸುತ್ತಿದ್ದ. ಸಂಜೆ ಸೈರನ್ ಆದಾಗ ಮೇಜು ಖಾಲಿಯಿರಬೇಕು ಎಂಬ ಕಾರ್ಖಾನೆಯ ಚಾಳಿ ಅದು.

ಎರಡು ಸಾವಿರದ ಎರಡರಲ್ಲಿ ಬದ್ರುನ್ನೀಸಾ ನನಗೆ ಒಂದು ರೆಕಾರ್ಡು ಕೊಟ್ಟಳು. ನಮ್ಮ ಕಾರ್ಖಾನೆಯ ಪ್ಯಾಕಿಂಗ್ ವಿಭಾಗದಲ್ಲಿದ್ದ ಗಯಾಜನ ಹೆಂಡತಿ ಅವಳು. ಗಯಾಜ್ ಪ್ರತಿ ನವೆಂಬರಿನಲ್ಲೂ ಕಾರ್ಖಾನೆಯ ವೇದಿಕೆಯ ಮೇಲೆ ಹಾಡುತ್ತಿದ್ದವನು, ಆಗಲೇ ತೀರಿಕೊಂಡಿದ್ದ. ಮದುವೆಯಾದ ಹೊಸದರಲ್ಲಿ ದಂಡು ಪ್ರದೇಶದ ಒಂದು ಅಂಗಡಿಯಲ್ಲಿ ಅವನು ಹಾಡಿದ್ದನ್ನು ಅಲ್ಲಿಯೇ ತಟ್ಟೆಗೆ ಕೊರೆದು ಕೊಟ್ಟಿದ್ದರಂತೆ. ಅಲ್ಯೂಮಿನಿಯಂ ತಟ್ಟೆ, ಮೇಲೆ ಕಪ್ಪು ಮೆರುಗೆಣ್ಣೆ. ಜಗತ್ತಿನಲ್ಲಿ ಅದು ಒಂದೇ ಪ್ರತಿ. ಅದನ್ನು ಕೇಳಲು ಇಪ್ಪತ್ತು ವರ್ಷದಿಂದ ಅವಳ ಹತ್ತಿರ ಪ್ಲೇಯರ್ ಇರಲಿಲ್ಲ.

ಕೊಡುವಾಗ ಅವಳು ನನ್ನ ಕೈ ಹಿಡಿದುಕೊಂಡು ಹೇಳಿದಳು: "ಗಾನಾ ಹೆಂಗಾದ್ರೂ ಇರ್ಲಿ ಭಾಯ್. ಒಂದ್ನೇ ಚರಣ ಮುಗಿದ್ಮೇಲೆ ನನ್ ಬಚ್ಚಿ ನಗ್ತಾಳೆ. ಎರಡ್ ಸಲ. ಅದ್ ಬೇಕು ನಂಗೆ."

ಬಚ್ಚಿ ಎಂದರೆ ಚಾಂದ್ ಬೀ. ಅಂಗಡಿಯಲ್ಲಿ ತಾಯಿಯ ಮಡಿಲಿನಲ್ಲಿದ್ದ ಎಂಟು ತಿಂಗಳ ಕೂಸು. ವರ್ಷ ತುಂಬುವ ಮೊದಲೇ ಜ್ವರಕ್ಕೆ ಹೋಯಿತು. ಒಂದು ಫೋಟೊ ಕೂಡ ಇಲ್ಲ.

ನಾನು ತಲೆಯಾಡಿಸಿ ರೆಕಾರ್ಡು ತಂದೆ. ನಾಣಿಯ ಮನೆಯಲ್ಲಿ ಕಾಫಿ ಕುಡಿಯುತ್ತ ಒಂದು ಗಂಟೆ ಕ್ರಿಕೆಟ್ ಹರಟಿದೆ. ಏಳುವಾಗ ರೆಕಾರ್ಡು ಅವನ ಕೈಗಿಟ್ಟು, ಗಯಾಜನ ಹಾಡು, ಚೆನ್ನಾಗಿ ಕ್ಲೀನ್ ಮಾಡು ಎಂದೆ. ಮಗುವಿನ ಮಾತು ನನಗೆ ಮರೆತೇಹೋಗಿತ್ತು. ಸಮಜಾಯಿಷಿ ಏನೂ ಇಲ್ಲ, ಮರೆತೆ ಅಷ್ಟೆ.

ಹತ್ತು ದಿನದ ಮೇಲೆ ಸಿಡಿ ಕೊಡಲು ಇಬ್ಬರೂ ಶಿವಾಜಿನಗರದ ಬಸ್ಸು ಹತ್ತಿದೆವು. ನಾಣಿ ಹಿಗ್ಗಿನಲ್ಲಿದ್ದ. ತೊಳೆದು ಒಣಗಿಸಿ ಒಂದು ಸಲ ಹಾಕಿದ್ದಷ್ಟೇ, ಮಾರನೆಯ ದಿನ ತಟ್ಟೆಯ ಕಪ್ಪು ಪದರವೆಲ್ಲ ಹಪ್ಪಳದ ಹಾಗೆ ಎದ್ದುಬಿಟ್ಟಿತು, ಪುಣ್ಯಕ್ಕೆ ಅಷ್ಟರಲ್ಲಿ ಹಾಡು ಹಿಡಿದಿದ್ದೆ ಎಂದ. ಹಲಸೂರು ದಾಟುವಾಗ ಇನ್ನೊಂದು ಮಾತು ಸೇರಿಸಿದ. "ನಡುವೆ ಯಾರ್ದೋ ಮಗು ಬೇರೆ ಕಿಲಕಿಲ ಅಂದಿತ್ತು ಕಣೋ. ಅದನ್ನೂ ನೀಟಾಗಿ ತೆಗೆದ್ಬಿಟ್ಟೆ."

ಬದ್ರುನ್ನೀಸಾ ಹೇಳಿದ್ದು ನನಗೆ ಆಗ ನೆನಪಾಯಿತು. ಆಗಲೇ ಹೇಳಬೇಕಿತ್ತು. ಹೇಳಲಿಲ್ಲ. ಶಿವಾಜಿನಗರ ಬರುವವರೆಗೂ ಕಿಟಕಿಯ ಹೊರಗೆ ನೋಡುತ್ತ ಕೂತೆ. ಹೇಡಿ ನಾನು.

ರಸೆಲ್ ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ, ಮಹಡಿಯ ಮೇಲಿನ ಒಂದೇ ಕೋಣೆ. ಬದ್ರುನ್ನೀಸಾ ಪಕ್ಕದ ಮನೆಯಿಂದ ಸಿಡಿ ಪ್ಲೇಯರ್ ತಂದಿಟ್ಟುಕೊಂಡಿದ್ದಳು. ಹೊರಗಿನ ಗಲಾಟೆ ಬರಬಾರದೆಂದು ಕಿಟಕಿ ಮುಚ್ಚಿ, ಚಾಪೆಯ ಮೇಲೆ ಪ್ಲೇಯರಿಗೆ ಕಿವಿಯಾನಿಸಿ ಕೂತಳು. ಗಯಾಜನ ದನಿ ಬಂತು, ಎದುರಿಗೇ ಕೂತು ಹಾಡಿದಷ್ಟು ಸ್ಪಷ್ಟ. ಚರಣ ಮುಗಿಯುತ್ತಿದ್ದಂತೆ ಅವಳು ನಮ್ಮ ಕಡೆ ಬೆರಳೆತ್ತಿ, ಸುಮ್ಮನಿರಿ ಎಂದು ಸನ್ನೆ ಮಾಡಿದಳು.

ಏನೂ ಬರಲಿಲ್ಲ. ಎರಡನೆಯ ಚರಣ ಶುರುವಾಯಿತು.

ಕಿವಿ ಮಂದವಾಗಿದೆ, ಇನ್ನೊಂದು ಸಲ ಹಾಕಿ ಎಂದಳು. ಇನ್ನೊಂದು ಸಲ ಹಾಕಿದೆವು. ಮೂರನೆಯ ಸಲವೂ ಏನೂ ಕೇಳಿಸದಿದ್ದಾಗ ಅವಳು ನನ್ನನ್ನು ಕೇಳಿದಳು: "ಭಾಯ್, ಬಚ್ಚಿ ಎಲ್ಲಿ?"

ನಾಣಿ ನನ್ನತ್ತ ತಿರುಗಿದ. ಅವನಿಗೆ ಎಲ್ಲವೂ ಅರ್ಥವಾಗಿತ್ತು.

"ಶ್ರೀಹರಿ ಹೇಳಿದ್ದನಮ್ಮಾ," ಎಂದ ನಾಣಿ, ನನ್ನತ್ತ ಕೈ ತೋರಿಸಿ. "ನಾನೇ ಮರ್ತು ಅಳಿಸ್ಬಿಟ್ಟೆ."

ಅವಳು ಅಳಲಿಲ್ಲ, ಬೈಯಲೂ ಇಲ್ಲ. ರೆಕಾರ್ಡು ಹಾಳಾದದ್ದನ್ನು, ಕಂಪ್ಯೂಟರಿನಲ್ಲೂ ಏನೂ ಉಳಿಯದಿದ್ದದ್ದನ್ನು ನಾಣಿ ತಡವರಿಸುತ್ತ ಹೇಳುವುದನ್ನು ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಅವನ ಮುಖವನ್ನೇ ನೋಡುತ್ತ ಕೇಳಿದಳು: "ನೀವ್ ಕೇಳಿದ್ರಲ್ಲ ಸಾಬ್. ಹೆಂಗ್ ನಗ್ತಿದ್ಳು?"

ಬಾತ್‌ರೂಮಿನಲ್ಲೂ ಗುನುಗದ ಮನುಷ್ಯ ನಾಣಿ. ಕಣ್ಣು ಮುಚ್ಚಿ, ನೆನಪು ಮಾಡಿಕೊಂಡು, ಅರವತ್ತರ ಒಡಕು ದನಿಯಲ್ಲಿ ಎಂಟು ತಿಂಗಳ ಕೂಸಿನ ನಗು ನಕ್ಕ. ಎರಡು ಸಲ.

ಬದ್ರುನ್ನೀಸಾ ಮತ್ತೆ ಬೆರಳೆತ್ತಿ ಕೇಳಿಸಿಕೊಂಡಳು. ಇಲ್ಲವೆಂಬಂತೆ ತಲೆಯಾಡಿಸಿದಳು.

"ಇನ್ನೂ ಸಣ್ಣಗೆ, ಸಾಬ್."

ನಾಣಿ ಕಣ್ಣೊರೆಸಿಕೊಂಡು ಮತ್ತೆ ನಕ್ಕ. ನಿಜ ಹೇಳಲು ಆಗಲೂ ಸಮಯವಿತ್ತು. ನಾನು ಗೋಡೆ ನೋಡುತ್ತ ಕೂತಿದ್ದೆ.